ಕಿತ್ತದ್ದು, ಹಚ್ಚಿದ್ದು

ನಮ್ಮ ಕಡೆ ಗಿಡವನ್ನು ಯಾರೂ ನೆಡುವುದಿಲ್ಲ, ಹಚ್ಚುತ್ತಾರೆ. ದೀಪ ಹಚ್ಚುತ್ತಾರೆ, ಹಣೆಗೆ ವಿಭೂತಿ ಹಚ್ಚುತ್ತಾರೆ, ಗಾಯಕ್ಕೆ ಅರಿಶಿನ ಹಚ್ಚುತ್ತಾರೆ, ಸಂಕ್ರಾಂತಿಯ ದಿನ ಮೈಗೆ ಎಳ್ಳು ಹಚ್ಚಿಕೊಂಡು ಹೊಳೆಯಲ್ಲಿ ಮೀಯುತ್ತಾರೆ. ಹಾಗೆಯೇ ಗಿಡವನ್ನೂ ಹಚ್ಚುತ್ತಾರೆ. ಹಾಸ್ಟೆಲಿನಲ್ಲಿದ್ದಾಗ ‘ಹೊಲದ ಬದುವಿಗೆ ಮಾವಿನ ಗಿಡ ಹಚ್ಚೀವಿ’ ಅಂದದ್ದನ್ನು ಕೇಳಿದ ಮೈಸೂರು ಸೀಮೆಯ ಗೆಳತಿ, ‘ಅಯ್ಯೋ, ಬೆಂಕಿ ಹಚ್ಚಿದ್ರಾ?’ ಎಂದು ಗಾಬರಿಯಾಗಿದ್ದಳು. ಒಂದನ್ನು ಇನ್ನೊಂದಕ್ಕೆ ತಾಗಿಸಿ, ಅದು ಅಲ್ಲೇ ನಿಲ್ಲುವಂತೆ ಮಾಡುವುದಕ್ಕೆಲ್ಲ ನಮ್ಮಲ್ಲಿ ಈ ಒಂದೇ ಮಾತು ಸಾಕು.

1987ರ ನವೆಂಬರ್ 14ರಂದು ಹಾನಗಲ್ಲ ತಾಲೂಕಿನ ಕುಸನೂರಿನಲ್ಲಿ ನಡೆದ ಸತ್ಯಾಗ್ರಹದ ಹೆಸರಲ್ಲಿ ಇದೇ ಮಾತು ಇದೆ. ‘ಕಿತ್ತಿಕೋ ಹಚ್ಚಿಕೋ ಸತ್ಯಾಗ್ರಹ’ ಎಂದು ಅದನ್ನು ಕರೆದರು. ಆಗಿನ್ನೂ ಹಾವೇರಿ ಜಿಲ್ಲೆ ಇರಲಿಲ್ಲ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಎಲ್ಲವೂ ಧಾರವಾಡ ಜಿಲ್ಲೆಯೊಳಗೇ ಇದ್ದವು. ಆ ದಿನ ಹಳ್ಳಿಯವರು ಮೆರವಣಿಗೆಯಲ್ಲಿ ಹೋಗಿ, ಸರಕಾರಿ ಜಮೀನಿನಲ್ಲಿ ಬೆಳೆಯುತ್ತಿದ್ದ ಸುಮಾರು ನೂರು ನೀಲಗಿರಿ ಸಸಿಗಳನ್ನು ಕಿತ್ತರು. ಕಿತ್ತ ಜಾಗವನ್ನು ಹಾಗೇ ಬಿಟ್ಟು ಬರಲಿಲ್ಲ. ಹಣ್ಣು ಕೊಡುವ, ದನಕ್ಕೆ ಮೇವಾಗುವ ಸಸಿಗಳನ್ನು ಅಲ್ಲಿ ಹಚ್ಚಿದರು. ಅವಕ್ಕೆ ನೀರುಣಿಸಿ ಕಾಪಾಡುತ್ತೇವೆ ಎಂದು ಮಾತು ಕೊಟ್ಟು ಮನೆಗೆ ಹೋದರು.

ನಾನು ಸಂಶೋಧನೆ ಮಾಡುತ್ತಿರುವುದು ನಮ್ಮ ಜಿಲ್ಲೆಯ ನೀರಿನ ಆಚರಣೆಗಳ ಮೇಲೆ. ಬಾಣಂತಿಯ ಗಂಗಿಪೂಜೆ, ಸಂಕ್ರಾಂತಿಗೆ ಹೊಳೆಗೆ ಹೋಗಿ ಸಜ್ಜಿರೊಟ್ಟಿ ಉಣ್ಣುವುದು, ಮಳೆ ತಡವಾದಾಗಿನ ಗುರ್ಜಿ, ಇಂಥವು. ಕುಸನೂರಿನ ಕಥೆ ಮರದ ಕಥೆ, ನನ್ನ ವಿಷಯದ ಬೇಲಿಯಾಚೆಗಿನದು. ಆದರೂ ಅದನ್ನು ಓದುತ್ತ ಹೋದಂತೆ ನನಗೆ ಗೊತ್ತಾದದ್ದು, ಅದು ಶುರುವಾದದ್ದೇ ಒಂದು ಹೊಳೆಯ ಕೆಟ್ಟ ನೀರಿನಿಂದ ಎಂಬುದು. ಆ ಹೊಳೆ ಕುಸನೂರಿನ ಹತ್ತಿರ ಎಲ್ಲೂ ಇಲ್ಲ. ಅದು ತುಂಗಭದ್ರಾ.

ನಮ್ಮ ನಾಲ್ಕು ತಾಲೂಕುಗಳ ನೀರಿನ ದಾರಿಯನ್ನು ಒಮ್ಮೆ ಹೇಳಿಬಿಡುತ್ತೇನೆ. ಹಾನಗಲ್ಲಿನ ಮಳೆ ಧರ್ಮಾ ಹೊಳೆಗೂ ವರದೆಗೂ ಇಳಿಯುತ್ತದೆ. ಧರ್ಮಾ ಕೊನೆಗೆ ವರದೆಯನ್ನೇ ಸೇರುತ್ತದೆ. ಸಾಗರದ ಹತ್ತಿರ ವರದಾಮೂಲದಲ್ಲಿ ಹುಟ್ಟಿ, ಬನವಾಸಿಯನ್ನು ಬಳಸಿ ಬರುವ ವರದೆ, ಹಾನಗಲ್ಲ, ಸವಣೂರು ಸೀಮೆಗಳನ್ನು ದಾಟಿ, ಗಳಗನಾಥದಲ್ಲಿ ತುಂಗಭದ್ರೆಗೆ ಕೂಡುತ್ತದೆ. ಹಿರೇಕೆರೂರಿನ ಕಡೆ ಕುಮುದ್ವತಿ ಇದೆ. ಅದಕ್ಕೆ ಮಾಸೂರಿನ ಹತ್ತಿರ ವಿಜಯನಗರದ ಕಾಲದಲ್ಲಿ ಕಟ್ಟಿದ ಮದಗದ ಕೆರೆ ಇದೆ. ಅದೂ ರಾಣೆಬೆನ್ನೂರು ತಾಲೂಕಿನಲ್ಲಿ ತುಂಗಭದ್ರೆಗೇ ಸೇರುತ್ತದೆ. ಶಿಗ್ಗಾವಿ ಮಾತ್ರ ಎರಡು ಹೋಳು. ಒಂದು ಮಗ್ಗುಲಿನ ನೀರು ವರದೆಗೆ, ಇನ್ನೊಂದು ಮಗ್ಗುಲಿನದು ದುಂಡಸಿಯ ಸೀಮೆಯಲ್ಲಿ ಹುಟ್ಟುವ ಬೆಣ್ಣಿಹಳ್ಳ ಹಿಡಿದು ಮಲಪ್ರಭೆಗೆ. ಎರಡೂ ಕೊನೆಗೆ ಕೃಷ್ಣೆಯಲ್ಲಿ ಒಂದಾಗುತ್ತವೆ. ನಮ್ಮ ಅಂಗಳದಲ್ಲಿ ಚೆಲ್ಲಿದ ಚರಿಗೆ ನೀರಿಗೂ ಒಂದು ಊರು ಇರುತ್ತದೆ ಎಂದು ನಾನು ಜೂನಿಯರ್ ಗೆಳೆಯರಿಗೆ ಹೇಳುವುದು ಈ ನಕಾಶೆ ಇಟ್ಟುಕೊಂಡೇ.

ತುಂಗಭದ್ರೆಯ ದಂಡೆಯಲ್ಲಿ, ಹರಿಹರದ ಎದುರಿಗೆ, ರಾಣೆಬೆನ್ನೂರು ತಾಲೂಕಿನ ಕುಮಾರಪಟ್ಟಣ ಇದೆ. ಎಪ್ಪತ್ತರ ದಶಕದ ಆರಂಭದಲ್ಲಿ ಅಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಬಂತು. ಬಿರ್ಲಾ ಸಮೂಹದ್ದು. ಮರದಿಂದ ರೇಯಾನ್ ನೂಲಿಗೆ ಬೇಕಾದ ತಿರುಳನ್ನು ತೆಗೆಯುವುದು ಅದರ ಕೆಲಸ. ಮರದಲ್ಲಿ ನೂಲಿಗೆ ಬೇಕಾದ ಸೆಲ್ಯುಲೋಸ್ ಇರುವುದು ಹೆಚ್ಚುಕಡಿಮೆ ಅರ್ಧದಷ್ಟು. ಉಳಿದದ್ದರಲ್ಲಿ ಮುಖ್ಯವಾದದ್ದು ಮರವನ್ನು ಗಟ್ಟಿಯಾಗಿ ಹಿಡಿದಿಡುವ ಲಿಗ್ನಿನ್ ಎಂಬ ಅಂಟು. ಚಕ್ಕೆ ಮಾಡಿದ ಮರವನ್ನು ಕ್ಷಾರದ ದ್ರಾವಣದಲ್ಲಿ ಬೇಯಿಸಿದಾಗ ಈ ಅಂಟು ಕರಗಿ ಕಪ್ಪು ರಸವಾಗುತ್ತದೆ. ಅದರ ಬಹುಪಾಲನ್ನು ಸುಟ್ಟು ರಾಸಾಯನಿಕವನ್ನು ಮರಳಿ ಪಡೆಯಬಹುದು. ಆದರೆ ತಿರುಳನ್ನು ತೊಳೆಯಬೇಕು, ಬಿಳುಪು ಮಾಡಬೇಕು. ಆ ನೀರು ಎಲ್ಲಿಗಾದರೂ ಹೋಗಲೇಬೇಕು. ಹೊಳೆ ಬಾಗಿಲಲ್ಲೇ ಇತ್ತು.

ಇಂಥ ನೀರು ಹೊಳೆಗೆ ಬಿದ್ದರೆ ಮೀನು ಸಾಯುವುದು ವಿಷದಿಂದ ಮಾತ್ರ ಅಲ್ಲ. ನೀರಿನಲ್ಲಿ ಕರಗಿದ ಕೊಳೆಯನ್ನು ತಿನ್ನಲು ಸೂಕ್ಷ್ಮಜೀವಿಗಳು ಮುತ್ತುತ್ತವೆ. ತಿನ್ನುತ್ತ ನೀರಿನೊಳಗಿನ ಆಮ್ಲಜನಕವನ್ನು ಖಾಲಿ ಮಾಡುತ್ತವೆ. ಮೀನಿಗೆ ಉಸಿರು ಕಟ್ಟುತ್ತದೆ. ಈ ಹಸಿವನ್ನೇ ಪ್ರಯೋಗಾಲಯದಲ್ಲಿ ಬಿಒಡಿ ಎಂದು ಅಳೆಯುತ್ತಾರೆ. ಸ್ನಾನಕ್ಕೆ ಯೋಗ್ಯವಾದ ಹೊಳೆಯಲ್ಲಿ ಅದು ಲೀಟರಿಗೆ 3 ಮಿಲಿಗ್ರಾಂ ಮೀರಬಾರದು. ಎಂಬತ್ತರ ದಶಕದಲ್ಲಿ ಕುಮಾರಪಟ್ಟಣದ ಕೆಳಗಿನ ಹಳ್ಳಿಗಳವರು ಯಾವ ಉಪಕರಣವೂ ಇಲ್ಲದೆ ಅದನ್ನು ಕಂಡರು. ಮೀನು ರಾಶಿಯಾಗಿ ಸತ್ತು ತೇಲಿದವು. ‘ಗಂಗಾ ಸ್ನಾನ, ತುಂಗಾ ಪಾನ’ ಎಂಬ ಗಾದೆ ಕೇಳಿಕೊಂಡು ಬೆಳೆದವರು ಕಂದು ಬಣ್ಣದ ನೀರನ್ನು ನೋಡುತ್ತ ನಿಂತರು. ಹನ್ನೆರಡನೆಯ ಶತಮಾನದಲ್ಲಿ ದೋಣಿ ನಡೆಸುತ್ತ ವಚನ ಬರೆದ ಅಂಬಿಗರ ಚೌಡಯ್ಯನ ಹೆಸರು ಹೊತ್ತ ಚೌಡಯ್ಯದಾನಪುರ ಇರುವುದೂ ಇದೇ ಹೊಳೆಯ ದಂಡೆಯಲ್ಲಿ, ಕುಮಾರಪಟ್ಟಣದಿಂದ ಕೆಳಗೆ. ಬಲೆ, ಹುಟ್ಟು ಹಿಡಿದು ಬದುಕುವವರಿಗೆ ಅಲ್ಲಿ ಹೊಳೆ ಎಂದರೆ ಹೊಲ.

ಎಸ್.ಆರ್. ಹಿರೇಮಠ ಮತ್ತು ಜೊತೆಗಾರರು ಧಾರವಾಡದಲ್ಲಿ ಕಟ್ಟಿದ ಸಮಾಜ ಪರಿವರ್ತನ ಸಮುದಾಯ, ಮೀನುಗಾರರೊಂದಿಗೆ ನಿಂತು ಧರಣಿ ಮಾಡಿತು, ಕೋರ್ಟಿಗೂ ಹೋಯಿತು. ಕಾರ್ಖಾನೆಯ ಕೊಳವೆಯ ಬಾಯಲ್ಲಿ ನಿಂತು ನೀರನ್ನು ಶುದ್ಧ ಮಾಡಿ ಬಿಡಿ ಎಂದು ಕೇಳುವುದು ಹೋರಾಟದ ಒಂದು ತುದಿ. ಅಲ್ಲಿಗೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಅವರು ಇನ್ನೊಂದು ತುದಿಯನ್ನೂ ಹಿಡಿದರು. ಈ ಕಾರ್ಖಾನೆಯೊಳಗೆ ಬರುವ ಮರ ಎಲ್ಲಿಯದು?

1984ರಲ್ಲಿ ರಾಜ್ಯ ಸರಕಾರ ಮತ್ತು ಆ ಕಾರ್ಖಾನೆ ಸೇರಿ ಕರ್ನಾಟಕ ಪಲ್ಪ್‌ವುಡ್ಸ್ ಲಿಮಿಟೆಡ್ ಎಂಬ ಕಂಪನಿ ಮಾಡಿದವು. ಸರಕಾರದ ಪಾಲು 51 ಪ್ರತಿಶತ, ಕಾರ್ಖಾನೆಯದು 49. ಉತ್ತರದ ಹಾಗೂ ಮಲೆನಾಡು ಸೆರಗಿನ ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ಜಮೀನನ್ನು ನಲವತ್ತು ವರ್ಷದ ಮಟ್ಟಿಗೆ ನೀಲಗಿರಿಯಂಥ ಬೇಗ ಬೆಳೆಯುವ ಮರಗಳಿಗಾಗಿ ಅದಕ್ಕೆ ಗುತ್ತಿಗೆ ಕೊಡುವುದು ಯೋಜನೆ. ಬಾಡಿಗೆ ವರ್ಷಕ್ಕೆ ಎಕರೆಗೆ ಒಂದು ರೂಪಾಯಿ. ಬೆಳೆದ ಮರದಲ್ಲಿ 87.5 ಪ್ರತಿಶತ ನೇರವಾಗಿ ಕಾರ್ಖಾನೆಗೆ. ಮಿಕ್ಕದ್ದನ್ನು ಕೊಳ್ಳುವ ಅವಕಾಶವೂ ಅದಕ್ಕೇ. ಕಾಗದದಲ್ಲಿ ಅವು ಸಿ ಮತ್ತು ಡಿ ದರ್ಜೆಯ ಜಮೀನುಗಳು. ಓದಿದವರಿಗೆ ಪಾಳು ಭೂಮಿ ಅನ್ನಿಸುವ ಹೆಸರು. ಊರವರಿಗೆ ಅದು ದನ ಮೇಯುವ ಗಾಯರಾಣ, ಕಟ್ಟಿಗೆ ತರುವ ಗುಡ್ಡ, ಮನೆ ಹೊದಿಸುವ ಹುಲ್ಲು.

ಹಾನಗಲ್ಲ ತಾಲೂಕಿನ ಒಂದು ಹಳ್ಳಿಯಲ್ಲಿ ಗುರ್ಜಿಯ ಬಗ್ಗೆ ಕೇಳಲು ಹೋಗಿದ್ದಾಗ, ಎಂಬತ್ತು ದಾಟಿದ ಅಜ್ಜರೊಬ್ಬರು ಮಾತಿನ ನಡುವೆ ನೀಲಗಿರಿಯ ಸುದ್ದಿ ತೆಗೆದರು. ‘ಆಡು ಮುಟ್ಟದ ಸೊಪ್ಪಿಲ್ಲ ಅಂತಾರಲ್ಲವಾ, ಆ ಗಾದಿ ಮಾಡಿದಾವ ನೀಲಗಿರಿ ನೋಡಿದ್ದಿಲ್ಲ. ಆಡು ಹೋಗಿ ಮೂಸಿ ನೋಡಿ, ತಿರುಗಿ ನನ್ನ ಮಾರಿ ನೋಡ್ತಿತ್ತು’ ಅಂದರು. ‘ಮತ್ತ ನೀವೇನ ಮಾಡಿದ್ರಿ ಅಜ್ಜಾರ?’ ಎಂದೆ. ‘ಏನ್ ಮಾಡೂದವಾ, ಆಡು ಮಾರಿದೆ’ ಎಂದರು. ಅವರು ಸತ್ಯಾಗ್ರಹಕ್ಕೆ ಹೋದವರಲ್ಲ. ತುಂಗಭದ್ರೆಯಲ್ಲಿ ಮೀನು ಸತ್ತದ್ದೂ ಅವರಿಗೆ ಗೊತ್ತಿರಲಿಲ್ಲ. ಹೊಳೆಯಂಚಿನ ಮೀನುಗಾರನಿಗೂ ಗುಡ್ಡದಂಚಿನ ಈ ಆಡಿನವರಿಗೂ ಪರಸ್ಪರ ಮುಖಪರಿಚಯ ಇರಲಿಲ್ಲ. ಆದರೆ ಗುಡ್ಡದ ಮೇಲೆ ಆಡಿನ ಮೇವು ಹೋದದ್ದಕ್ಕೂ ಕೆಳಗೆ ಮೀನಿನ ಉಸಿರು ಹೋದದ್ದಕ್ಕೂ ನಡುವೆ ಒಂದೇ ಮರದ ದಿಮ್ಮಿ ಇತ್ತು.

1986ರ ಡಿಸೆಂಬರಿನಲ್ಲಿ ಶಿವರಾಮ ಕಾರಂತರೂ ಸೇರಿ ಹಲವರು ಈ ಗುತ್ತಿಗೆಯ ವಿರುದ್ಧ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಮರುವರ್ಷ ಮಾರ್ಚಿನಲ್ಲಿ ತಡೆಯಾಜ್ಞೆ ಬಂತು. ಆದರೆ ಅಷ್ಟರಲ್ಲಿ ನೆಟ್ಟ ಸಸಿಗಳು ನೆಲದಲ್ಲಿ ಬೆಳೆಯುತ್ತಲೇ ಇದ್ದವು. ಕುಸನೂರು ನಡೆದದ್ದು ಆಮೇಲೆ. ಕೊನೆಗೆ 1991ರಲ್ಲಿ ಕಂಪನಿಯನ್ನೇ ಮುಚ್ಚಬೇಕಾಯಿತು. ಇದನ್ನು ಜನ ಕಾಡು ಉಳಿಸಿದ ಕಥೆಯೆಂದು ಹೇಳುತ್ತಾರೆ, ಅದು ಸರಿಯೇ. ನಾನು ಇದನ್ನು ಹೊಳೆ ಕಾಯುವುದು ಹೇಗೆ ಎಂಬ ಪಾಠವಾಗಿಯೂ ಓದುತ್ತೇನೆ. ಹೊಳೆ ಕೆಡುವುದು ಹೊಳೆಯಲ್ಲಲ್ಲ. ಎಲ್ಲಿ ಕೆಡುತ್ತದೋ ಅಲ್ಲಿಗೆ ಹೋಗಿ ಕೀಳಬೇಕು. ಕಿತ್ತ ಜಾಗದಲ್ಲಿ ಇನ್ನೊಂದನ್ನು ಹಚ್ಚಬೇಕು. ಹಚ್ಚಿದ್ದಕ್ಕೆ ನೀರು ಹಾಕುವವರು ಯಾರು ಎಂಬುದು ಅವತ್ತೇ ತೀರ್ಮಾನವಾಗಬೇಕು.

ಈಗ ನಮ್ಮಲ್ಲಿ ನಡೆಯುವ ಹೊಳೆ ಸ್ವಚ್ಛತೆಯಲ್ಲಿ ಮೊದಲನೆಯ ಮಾತಿನ ಅರ್ಧ ಮಾತ್ರ ಇದೆ. ಸಂಕ್ರಾಂತಿಯ ಮರುದಿನ ವರದೆಯ ದಂಡೆಯಲ್ಲಿ ಒಂದು ಶ್ರಮದಾನಕ್ಕೆ ನಾನೂ ಹೋಗಿದ್ದೆ. ಥರ್ಮಾಕೋಲ್ ತಾಟು, ಕುರುಕುರೆ ಚೀಟು, ಶಾಂಪೂ ಪುಡಿಕೆ, ದೇವರ ಒಡೆದ ಫೋಟೊ, ಸ್ನಾನ ಮಾಡಿ ಬಿಟ್ಟುಹೋದ ಬಟ್ಟೆ. ಹುಡುಗರು ಚೀಲ ಚೀಲ ತುಂಬಿದರು, ಫೋಟೊ ತೆಗೆಸಿಕೊಂಡರು, ಉಪ್ಪಿಟ್ಟು ತಿಂದರು. ಒಳ್ಳೆಯ ಕೆಲಸವೇ, ಅದನ್ನು ಹಂಗಿಸುವವಳು ನಾನಲ್ಲ. ಕೆಸರಿನಿಂದ ನಾನು ಎಳೆದ ಒಂದು ನೈಟಿಯ ಕೊರಳಪಟ್ಟಿಯಲ್ಲಿ ಚೀಟಿ ಇನ್ನೂ ಇತ್ತು: ವಿಸ್ಕೋಸ್ ರೇಯಾನ್, 100 ಪ್ರತಿಶತ. ಅದು ಯಾವ ಗುಡ್ಡದ ಮರವೋ, ಯಾವ ದೇಶದ ಗಿರಣಿಯದೋ. ಮರ ಬಟ್ಟೆಯಾಗಿ ಹೊಳೆಗೆ ಬಂದು ಬಿದ್ದಿತ್ತು. ಅದನ್ನು ಚೀಲಕ್ಕೆ ಹಾಕುವಾಗ, ಆ ಚೀಲ ಮುಂದೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆ. ಟ್ರ್ಯಾಕ್ಟರಿನ ಹುಡುಗ ಊರಾಚೆಯ ಹಳ್ಳದ ಕಡೆ ಕೈ ತೋರಿಸಿದ. ಆ ಹಳ್ಳ ಮಳೆಗಾಲದಲ್ಲಿ ವರದೆಗೇ ಬರುತ್ತದೆ.

ಬಟ್ಟೆ, ಪ್ಲಾಸ್ಟಿಕ್ ಕಣ್ಣಿಗೆ ಕಾಣುತ್ತವೆ. ಹೊಳೆಯ ಉಸಿರು ಕಟ್ಟಿಸುವುದರಲ್ಲಿ ಕಾಣದ್ದೇ ಹೆಚ್ಚು. 2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದಲ್ಲಿ ಹೊಳೆಗಳ 351 ಭಾಗಗಳು ಕೆಟ್ಟಿವೆ ಎಂದು ಪಟ್ಟಿ ಮಾಡಿತು. ಕರ್ನಾಟಕದವು 17, ಅವುಗಳಲ್ಲಿ ತುಂಗಭದ್ರೆಯೂ ಒಂದು. ಆ ವರ್ಷದ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಪತ್ರಿಕೆಯ ವರದಿ ನೋಡಿ ತಾನೇ ಪ್ರಕರಣ ಕೈಗೆತ್ತಿಕೊಂಡು, ಪ್ರತಿ ಭಾಗಕ್ಕೂ ಯೋಜನೆ ಮಾಡಿ ಎಂದು ರಾಜ್ಯಗಳಿಗೆ ಹೇಳಿತು. 2021ರಲ್ಲಿ ಅದೇ ಮಂಡಳಿ ಕೊಟ್ಟ ಲೆಕ್ಕದಂತೆ ದೇಶದ ನಗರ, ಪಟ್ಟಣಗಳಲ್ಲಿ ದಿನಕ್ಕೆ 72,368 ದಶಲಕ್ಷ ಲೀಟರ್ ಕೊಳಚೆ ಉಂಟಾಗುತ್ತದೆ. ಶುದ್ಧವಾಗುವುದು 20,236 ದಶಲಕ್ಷ ಲೀಟರ್. ಮಿಕ್ಕದ್ದಕ್ಕೆ ಗಟಾರ, ಹಳ್ಳ, ಹೊಳೆ. ಈಗ ಹೊಳೆಗೆ ಬೀಳುವ ಕೊಳವೆಯ ಇನ್ನೊಂದು ತುದಿಯನ್ನು ಹುಡುಕುತ್ತ ಹೋದರೆ ಕಾರ್ಖಾನೆಯೇ ಸಿಗಬೇಕಾಗಿಲ್ಲ, ನಮ್ಮ ಬಚ್ಚಲೂ ಸಿಗಬಹುದು.

ಕೊಳೆಯ ಮಾತು ಬಂದರೆ ಸವಣೂರಿನವಳಾದ ನನಗೆ 2010ರ ಜುಲೈ ನೆನಪಾಗದೆ ಇರುವುದಿಲ್ಲ. ತಲೆಮಾರುಗಳಿಂದ ಊರಿನ ಮಲ ಬಳಿದ ಭಂಗಿ ಸಮುದಾಯದವರು, ತಮ್ಮನ್ನು ಇದ್ದ ಮನೆಗಳಿಂದ ಎಬ್ಬಿಸುತ್ತಾರೆಂಬ ಸಂಕಟದಲ್ಲಿ, ಪುರಸಭೆಯ ಎದುರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ನಾನಾಗ ಶಾಲೆಯ ಹುಡುಗಿ. ಮನೆಯಲ್ಲಿ ದೊಡ್ಡವರು ಟಿವಿ ಬಂದ್ ಮಾಡಿದ್ದರು. ‘ಹೊಳೆ ಸ್ವಚ್ಛ ಮಾಡೋಣ’ ಎಂಬ ಮಾತು ಕೇಳಿದಾಗೆಲ್ಲ, ಮಾಡುವವರು ಯಾರು, ಯಾರ ಕೊಳೆಯನ್ನು, ಯಾವ ಕೈಯಿಂದ ಎಂದು ಕೇಳಬೇಕು ಅನ್ನಿಸುವುದು ಅದಕ್ಕೇ. ಒಂದು ಊರು ತನ್ನ ಕೊಳೆಯನ್ನು ಕಣ್ಣಿಗೆ ಕಾಣದಂತೆ ದೂಡಲು ಕಲಿತರೆ, ಮೊದಲು ಒಂದು ಜಾತಿಯ ತಲೆಯ ಮೇಲೆ ಹೊರಿಸುತ್ತದೆ, ಆಮೇಲೆ ಹೊಳೆಯ ತಲೆಯ ಮೇಲೆ.

ಈ ಮಾತನ್ನು ಮನೆಯಲ್ಲಿ ಎತ್ತಿದಾಗ ಅಪ್ಪನಿಗೂ ನನಗೂ ಜಗಳವಾಯಿತು. ನಮ್ಮ ಓಣಿಯ ಸಿಮೆಂಟ್ ಗಟಾರ ಅಪ್ಪ ಪಂಚಾಯ್ತಿ ಮೆಂಬರ್ ಇದ್ದಾಗ ಮಾಡಿಸಿದ್ದು. ಅದಕ್ಕೂ ಮೊದಲು ಬಚ್ಚಲ ನೀರು ಹಿತ್ತಲಿಗೆ ಹೋಗುತ್ತಿತ್ತು. ಅಲ್ಲಿ ಬಾಳೆ, ಕೆಸು ಇದ್ದವು. ಈಗ ಎಲ್ಲರ ಬಚ್ಚಲೂ ಗಟಾರಕ್ಕೆ, ಗಟಾರ ಹಳ್ಳಕ್ಕೆ, ಹಳ್ಳ ವರದೆಗೆ. ‘ಅಪ್ಪಾ, ಹೊಳಿ ಕೆಡಸಾಕ ನಾವೂ ಒಂದು ಕೊಳವಿ ಕಟ್ಟೀವಿ’ ಎಂದೆ. ಅಪ್ಪ ಉಣ್ಣುತ್ತಿದ್ದವನು ಕೈ ನಿಲ್ಲಿಸಿದ. ‘ನೋಡವಾ, ನೀ ಸಣ್ಣಾಕಿದ್ದಿ. ಮಳಿಗಾಲದಾಗ ಈ ಓಣ್ಯಾಗ ಮೊಣಕಾಲಮಟ ರಾಡಿ. ಹೆಣ ಹೊತ್ತವ್ರು ಜಾರಿ ಬಿದ್ದಾರ. ಚಿಕನ್‌ಗುನ್ಯಾ ಬಂದು ಅರ್ಧ ಊರು ಮಲಗಿತ್ತು. ಕೆಳಗಿನ ಓಣಿಯವ್ರು ನಮಗೂ ಗಟಾರ ಬೇಕು ಅಂತ ಎಷ್ಟು ವರ್ಷ ಅರ್ಜಿ ಕೊಟ್ರು ಗೊತ್ತೇನು? ಗಟಾರ ಅಂದ್ರ ಅವರಿಗೆ ಮರ್ಯಾದಿ. ನಿಮ್ಮ ಹೊಳಿ ಪುಸ್ತಕದಾಗ ಐತಿ, ರಾಡಿ ನಮ್ಮ ಕಾಲಾಗಿತ್ತು.’

ಅದಕ್ಕೆ ಉತ್ತರ ನನ್ನ ಬಳಿ ಇರಲಿಲ್ಲ. ಇಂದಿಗೂ ಪೂರ್ತಿಯಾಗಿ ಇಲ್ಲ. ಗಟಾರವನ್ನು ಕೀಳಬೇಕೆಂದು ನಾನು ಹೇಳುವುದೂ ಇಲ್ಲ. ಉದ್ಯೋಗ ಖಾತ್ರಿಯಲ್ಲಿ ಬಚ್ಚಲುಗುಂಡಿ ಮಾಡಿಸಿಕೊಳ್ಳಬಹುದಲ್ಲ, ಸ್ನಾನದ ನೀರನ್ನಾದರೂ ಮನೆಯಲ್ಲೇ ಇಂಗಿಸಬಹುದಲ್ಲ ಎಂದೆ. ಅಪ್ಪ ನಕ್ಕ. ‘ಇದು ಎರಿ ಭೂಮಿ. ನೀರು ಇಂಗಂಗಿಲ್ಲ, ನಿಲ್ತೈತಿ. ಬಚ್ಚಲಗುಂಡಿ ಸೊಳ್ಳಿ ಗುಂಡಿ ಆಕ್ಕೈತಿ.’ ಅದೂ ನಿಜ. ಕೆಂಪು ಮಣ್ಣಿನ ಊರಿನಲ್ಲಿ ನಡೆಯುವ ಗುಂಡಿ ಕಪ್ಪು ಮಣ್ಣಿನಲ್ಲಿ ಹಾಗೇ ನಡೆಯುವುದಿಲ್ಲ. ಜೇಡಿ ಉಬ್ಬಿ ಕಣ್ಣು ಮುಚ್ಚಿಕೊಳ್ಳುತ್ತದೆ.

ಮಾತು ಮುಗಿಸಿದವಳು ಅವ್ವ. ‘ಭೂಮಿ ಕುಡೀದಿದ್ರ ಬಾಳಿ ಕುಡೀತೈತಿ’ ಎಂದಳು. ಅವಳ ಪ್ರಕಾರ ಮೊದಲು ಹಿತ್ತಲಲ್ಲಿ ರಾಡಿ ಆಗದೇ ಇದ್ದದ್ದು ಮಣ್ಣಿನ ಗುಣದಿಂದಲ್ಲ, ಬಾಳೆಯ ಹಸಿವಿನಿಂದ. ನಾವು ಬಾಳೆ ಕಡಿದು ಅಲ್ಲಿ ಬೈಕ್ ನಿಲ್ಲಿಸುವ ಶೆಡ್ ಹಾಕಿದ ಮೇಲೆಯೇ ನೀರು ನಿಲ್ಲತೊಡಗಿದ್ದು. ಶೆಡ್ಡನ್ನು ನಾಲ್ಕು ಅಡಿ ಸರಿಸಿ, ಒಂದು ಅಗಲವಾದ ಆಳವಿಲ್ಲದ ಗುಂಡಿ ತೆಗೆದು, ಇಟ್ಟಿಗೆ ಚೂರು, ಮರಳು ತುಂಬಿ, ಸುತ್ತ ಐದು ಬಾಳೆ ಹಚ್ಚಿದೆವು. ಒಲ್ಲೆ ಎನ್ನುತ್ತಲೇ ಅಪ್ಪ ಹಾರಿ ಹಿಡಿದು ಕಲ್ಲು ಎಬ್ಬಿಸಿದ. ಮಳೆಗಾಲದ ಎರಡು ವಾರ ಗುಂಡಿ ತುಂಬಿ ನೀರು ಗಟಾರಕ್ಕೇ ಹೋಯಿತು. ಉಳಿದ ದಿನಗಳಲ್ಲಿ ಹೋಗಲಿಲ್ಲ.

ಮೊನ್ನೆ ಊರಿಗೆ ಹೋದಾಗ ನಮ್ಮ ಓಣಿಯ ನಲವತ್ತು ಮನೆಗಳಲ್ಲಿ ಮೂರು ಹಿತ್ತಲಿನಲ್ಲಿ ಬಾಳೆ ಇತ್ತು. ಕೆಳಗಿನ ಓಣಿಯಲ್ಲಿ ಯಾರಿಗೂ ಹಿತ್ತಲೇ ಇಲ್ಲ. ಗೋಡೆಗೆ ಗೋಡೆ ಹತ್ತಿವೆ. ಅವರ ಗಟಾರದ ಬಾಯಿಗೆ ಊರೊಟ್ಟಿನ ಒಂದು ಗುಂಡಿ, ಒಂದು ತೋಟ ಆಗಬೇಕು, ಅದಕ್ಕೆ ಜಾಗ ಬೇಕು. ಹಳ್ಳದ ಪಕ್ಕದಲ್ಲಿ ಪಂಚಾಯ್ತಿಯ ಹತ್ತು ಗುಂಟೆ ಗಾಯರಾಣ ಉಳಿದಿದೆ, ಅಲ್ಲಿ ಈಗ ಕಸ ಸುರಿಯುತ್ತಾರೆ. ಅಪ್ಪ ಎರಡು ಸಲ ಪಂಚಾಯ್ತಿಗೆ ಹೋಗಿ ಅದನ್ನು ಕೇಳಿ ಬಂದಿದ್ದಾನೆ. ಮೆಂಬರುಗಳು ಕೇಳಿದ್ದು ಒಂದೇ ಪ್ರಶ್ನೆ: ‘ತೋಟ ಮಾಡೋಣ್ರೀ, ದಿನಾ ಹೋಗಿ ನೋಡೂದು ಯಾರು?’ ಅಪ್ಪ ಆ ಪ್ರಶ್ನೆಯನ್ನು ಹೊತ್ತುಕೊಂಡು ಈಗ ಮನೆ ಮನೆ ತಿರುಗುತ್ತಿದ್ದಾನೆ. ವಾರಕ್ಕೊಂದು ಓಣಿಯ ಪಾಳಿ ಎಂದು ಚೀಟಿ ಬರೆದಿಟ್ಟುಕೊಂಡಿದ್ದಾನೆ. ಮೊದಲ ಹೆಸರು ತನ್ನದು. ಎರಡನೆಯದು, ನನ್ನನ್ನು ಕೇಳದೆಯೇ, ನನ್ನದು.